ಬಂಗಾರಪೇಟೆ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ

ನಮ್ಮ ಭಾವನವರ ಮೇಲೆ ಯಾರು ಬೇಕಾದರೂ ಯಾವ ಆಪಾದನೆಯನ್ನು ಬೇಕಾದರೂ ಹೊರಿಸಬಹುದು. ಬಂಗಾರಪೇಟೆಯಲ್ಲಿ ನಿಂತು ಹೊರಿಸಬೇಕು, ಅಷ್ಟೆ. ಮಾಲೂರಿನಲ್ಲೋ ಕೋಲಾರದಲ್ಲೋ ನಿಂತು ಹೊರಿಸಿದರೆ ಅದು ಅವರಿಗೆ ತಾಗುವುದಿಲ್ಲ. ತಾಗಿದರೂ, ತಾಗಿತೆಂದು ಅವರು ಒಪ್ಪುವುದಿಲ್ಲ!

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಬಂಗಾರಪೇಟೆಯ ಬಜಾರಿನಲ್ಲಿ ಅವರದು ಹುಣಸೆಹಣ್ಣಿನ ಸಗಟು ಅಂಗಡಿ. ಮನೆ ಅಂಗಡಿಯ ಹಿಂದೆಯೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಲಗಿದರೂ ಎದ್ದರೂ ಹುಣಸೆಯ ವಾಸನೆ. ಕಾಫಿ ಕುಡಿದರೂ ಬಾಯಲ್ಲಿ ಹುಳಿ. ಈಗ ಅಭ್ಯಾಸವಾಗಿದೆ. ತವರಿಗೆ ಹೋದರೆ ಅಲ್ಲಿಯ ಗಾಳಿಯೇ ಸಪ್ಪೆ ಎನಿಸುತ್ತದೆ.

ಅಂಗಡಿಯ ಬಿಲ್ಲಿನ ನೆತ್ತಿಯ ಮೇಲೆ ವಿಘ್ನೇಶ್ವರ, ಅವನ ಕೆಳಗೆ ಅಂಗಡಿಯ ಹೆಸರು, ನಡುವೆ ಲೆಕ್ಕ. ತೀರಾ ಅಡಿಯಲ್ಲಿ, ಇರುವೆ ಸಾಲು ಹೊರಟಂತೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಎಲ್ಲ ವ್ಯಾಜ್ಯಗಳೂ ಬಂಗಾರಪೇಟೆ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ ಒಳಪಟ್ಟಿವೆ.' ನಾಳೆ ಜಗಳವಾದರೆ ದಾವೆಯನ್ನು ನಮ್ಮೂರಲ್ಲೇ ಹಾಕಬೇಕು, ಪರವೂರಿಗೆ ನಮ್ಮನ್ನು ಎಳೆಯಕೂಡದು ಎಂದು ಅದರರ್ಥ. ಇದೇನೂ ನಮ್ಮ ಭಾವ ಕಂಡುಹಿಡಿದದ್ದಲ್ಲ. ಎಲ್ಲ ಊರಿನ ವರ್ತಕರೂ ತಮ್ಮ ತಮ್ಮ ಊರಿನ ಹೆಸರು ಹಾಕಿ ಹೀಗೆ ಅಚ್ಚು ಹಾಕಿಸಿಕೊಳ್ಳುತ್ತಾರೆ. ಯಾರೂ ಓದುವುದಿಲ್ಲ. ನೀವು ಯಾವತ್ತಾದರೂ ಓದಿದ್ದೀರಾ?

ಭಾವ ಓದುತ್ತಾರೆ! ಲೋಕದ ಜನ ಬಿಲ್ಲನ್ನು ಮೇಲಿನಿಂದ ಕೆಳಗೆ ಓದಿದರೆ ಇವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಎಷ್ಟೋ ಸಲ ಮೇಲಿನವರೆಗೂ ಹೋಗುವುದೇ ಇಲ್ಲ. ಕೆಳಗಿನ ಸಾಲಿನಲ್ಲೇ ತಕರಾರು ಶುರುವಾಗಿರುತ್ತದೆ.

ಒಂದು ಸಲ ಯುಗಾದಿಗೆ ಮುಂಚೆ ಅಕ್ಕನಿಗೊಂದು ಮಿಕ್ಸಿ ಕೊಳ್ಳಲು ಬೆಂಗಳೂರಿಗೆ ಹೋದೆವು. ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ಬೆಳಗಿನ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗಿ, ನಾಲ್ಕಾರು ಅಂಗಡಿ ಹತ್ತಿಳಿದು, ಅಕ್ಕನಿಗೆ ಬಣ್ಣವೂ ಜಾರೂ ಸದ್ದೂ ಒಪ್ಪಿಗೆಯಾಗಿ, ಇನ್ನೇನು ಡಬ್ಬಕ್ಕೆ ದಾರ ಕಟ್ಟಬೇಕು, ಭಾವ ಬಿಲ್ಲು ನೋಡಿದರು. ಅಡಿಯಲ್ಲಿ 'ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ' ಎಂದಿತ್ತು.

"ಇದನ್ನ ಒಡೆದಾಕಿ ಬಂಗಾರಪೇಟೆ ಅಂತ ಬರೀರಪ್ಪ," ಎಂದರು.

ಅಂಗಡಿಯವನು ನಕ್ಕ. "ಸಾರ್, ಕಂಪ್ಯೂಟರ್ ಬಿಲ್ಲು. ಬದಲಾಯಿಸೋಕೆ ಬರಲ್ಲ."

"ಅಂಗಾದ್ರೆ ನಾಳೆ ಈ ಮಿಕ್ಸಿ ಕೆಟ್ಟೋದ್ರೆ ನಾನು ಬೆಂಗಳೂರಿನ ಕೋರ್ಟಿಗೆ ಅಲೀಬೇಕಾ?"

"ಸಾರ್, ಎರಡು ವರ್ಷ ಗ್ಯಾರಂಟಿ ಇದೆ. ಕೆಟ್ಟೋದ್ರೆ ಅಂಗಡಿಗೆ ತನ್ನಿ, ಕೋರ್ಟಿಗ್ಯಾಕೆ?"

"ಅದು ನೀನೇಳೋ ಮಾತು. ಬಿಲ್ಲು ಏಳ್ತಿರೋದು ಬೇರೆ."

ಮಿಕ್ಸಿ ಬೆಂಗಳೂರಿನಲ್ಲೇ ಉಳಿಯಿತು. ವಾಪಸು ಬರುವಾಗ ಅಕ್ಕ ವೈಟ್‌ಫೀಲ್ಡ್‌ವರೆಗೂ ಮಾತಾಡಲಿಲ್ಲ; ವೈಟ್‌ಫೀಲ್ಡ್ ದಾಟಿದ ಮೇಲೆ ಬಂಗಾರಪೇಟೆಯವರೆಗೂ ನಿಲ್ಲಿಸಲಿಲ್ಲ. ಆ ಹಬ್ಬಕ್ಕೆ ಹೋಳಿಗೆಯ ಹೂರಣ ಒರಳಿನಲ್ಲೇ ಆಯಿತು. ಒರಳಿಗೆ ಬಿಲ್ಲಿರಲಿಲ್ಲವಲ್ಲ, ಅದು ಪೂರ್ತಿಯಾಗಿ ನಮ್ಮ ವ್ಯಾಪ್ತಿಯದು!

ಅಕ್ಕನನ್ನು ಸಾಮಾನ್ಯ ಹೆಂಗಸು ಎಂದು ತಿಳಿಯಬೇಡಿ. ಇಂಥ ಗಂಡನ ಜೊತೆ ಬಾಳಿ ಬಾಳಿ ಅವರಿಗೂ ಕಾನೂನು ಒಂದಿಷ್ಟು ಹತ್ತಿದೆ. ಒಂದು ಮಧ್ಯಾಹ್ನ ಭಾವ ಊಟಕ್ಕೆ ಕೂತವರು ಮೊದಲ ತುತ್ತಿಗೇ ಮುಖ ಕಿವುಚಿದರು.

"ಸಾರಿಗೆ ಉಪ್ಪು ಜಾಸ್ತಿ ಆಗದೆ."

ಒಳಗಿನಿಂದಲೇ ಅಕ್ಕ ಕೇಳಿದರು. "ಊಟ ಎಲ್ಲಿ ಮಾಡ್ತಿದೀರಾ?"

"ನಡುಮನೇಲಿ."

"ಉಪ್ಪು ಎಲ್ಲಿ ಬಿತ್ತು?"

ಭಾವ ಸ್ವಲ್ಪ ಯೋಚಿಸಿದರು. ಅವರು ಪ್ರಾಮಾಣಿಕರು. "ಅಡುಗೆಮನೇಲಿ."

"ಅಂಗಾದ್ರೆ ದೂರು ಅಡುಗೆಮನೇಗೆ ಬಂದು ಕೊಡಿ. ಬಂದೋರು ಅಂಗೇ ಆ ಸಾರಿನ ಪಾತ್ರೆ ತೊಳ್ದಿಟ್ಟು ಓಗಿ."

ಭಾವ ಆ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡರು.

ಭಾವನ ಮಗಳ ಮದುವೆಯ ಕತೆ ಹೇಳದಿದ್ದರೆ ತಪ್ಪಾದೀತು. ಗಂಡಿನ ಕಡೆಯವರು ಗಡಿಯಾಚೆಯ ಕುಪ್ಪಂನವರು. ಅವರದೂ ವ್ಯಾಪಾರಸ್ಥರ ಮನೆಯೇ, ಬೆಲ್ಲದ ವ್ಯಾಪಾರ. ಲಗ್ನಪತ್ರಿಕೆ ಅಚ್ಚಾಗಿ ಬಂತು. ಚೆಂದವಾಗಿತ್ತು: ಅರಿಶಿನ ಬಣ್ಣ, ನಾಲ್ಕು ಮೂಲೆಗೂ ನವಿಲು. ಕೊನೆಯಲ್ಲಿ 'ನಿಮ್ಮ ಆಗಮನಾಭಿಲಾಷಿಗಳು' ಆದ ಮೇಲೆ, ನವಿಲಿನ ಬಾಲದ ಕೆಳಗೆ, ಇರುವೆ ಸಾಲು! ಹೌದು, ಅದೇ ಸಾಲು. ಬಿಲ್ಲು ಅಚ್ಚು ಹಾಕುವ ಪ್ರೆಸ್ಸಿನವನು ಅಭ್ಯಾಸಬಲದಿಂದ ಸೇರಿಸಿಬಿಟ್ಟಿದ್ದಾನೆ ಎಂದು ನಾವೆಲ್ಲ ಅವನನ್ನು ಬೈದೆವು. ಅವನು ಅಳುಮೋರೆ ಮಾಡಿ, "ನಾನಲ್ಲಮ್ಮ, ದೊಡ್ಡ ಯಜಮಾನ್ರೇ ಬಂದು ಎದುರಿಗೆ ಕೂತು ಆಕ್ಸಿದ್ದು," ಎಂದ.

ಬೀಗರು ಪತ್ರಿಕೆ ಹಿಡಿದುಕೊಂಡು ಬಂದರು. ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತುಬಿಟ್ಟರು.

"ಏಮಿ ಬಾವಾ ಇದಿ?" ಎಂದರು ಬೀಗರು, ಆ ಸಾಲಿನ ಮೇಲೆ ಬೆರಳಿಟ್ಟು.

"ನಾಳೆ ಹೆಚ್ಚು ಕಡಿಮೆ ಆದ್ರೆ ನಾನು ಆಂಧ್ರದ ಕೋರ್ಟಿಗೆ ಓಗೋಕಾಯ್ತದಾ ಬಾವಾ?" ಎಂದರು ಭಾವ, ಬಹಳ ಸಹಜವಾಗಿ.

ಬೀಗರು ಗಡ್ಡ ಕೆರೆದುಕೊಂಡರು. ಕಡೆಗೆ ಅವರು, "ನ್ಯಾಯಮೇ," ಎಂದರು. "ಆದ್ರೆ ನಮ್ ಕಡೆ ಪತ್ರಿಕೇಲಿ ನಾವು ಕುಪ್ಪಂ ಅಂತ ಆಕ್ಕೊಳ್ತೀವಿ. ಮೀರು ಏಮೀ ಅನುಕೋವದ್ದು, ತಪ್ಪು ತಿಳ್ಕೋಬೇಡಿ."

ವರ್ತಕರಿಗೆ ವರ್ತಕರೇ ಬೀಗರು! ಆ ಮದುವೆಯಾದ ದಂಪತಿಗಳು ಇವತ್ತಿನವರೆಗೂ ಜಗಳವಾಡಿಲ್ಲ. ಆಡಬೇಕೆಂದರೆ ಮೊದಲು ಎಲ್ಲಿ ಆಡಬೇಕು ಎಂದು ತೀರ್ಮಾನವಾಗಬೇಕಲ್ಲ.

ಇಷ್ಟೆಲ್ಲ ಸಾಲನ್ನು ಅಚ್ಚು ಹಾಕಿಸಿದ ಮನುಷ್ಯ ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಿಸಿದ್ದು ಅವರ ಅತ್ಯಂತ ಹಳೆಯ ಸ್ನೇಹಿತರು.

ಈ ಸ್ನೇಹಿತರನ್ನು ನಮ್ಮ ಮನೆಯಲ್ಲಿ 'ಕೆಜಿಎಫ್ ಮಾವ' ಎನ್ನುತ್ತೇವೆ. ಮನೆ ಕೆಜಿಎಫ್‌ನ ಊರಿಗಾಂನಲ್ಲಿ, ಅಂಗಡಿ ಅಲ್ಲೇ ರಾಬರ್ಟ್‌ಸನ್‌ಪೇಟೆಯಲ್ಲಿ. ಮನೆಮಾತು ತಮಿಳು, ವ್ಯಾಪಾರದ ಮಾತು ತೆಲುಗು, ನಮ್ಮ ಭಾವನನ್ನು ಬೈಯುವ ಮಾತು ಕನ್ನಡ. ಚಿಕ್ಕವಯಸ್ಸಿನಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಮೂಟೆ ಹೊಲಿಯುತ್ತಿದ್ದವರಂತೆ. ಆಮೇಲೆ ಇವರು ಇಲ್ಲಿ, ಅವರು ಅಲ್ಲಿ ಸ್ವಂತ ಅಂಗಡಿ ಹಾಕಿದರು. ನಮ್ಮ ಅಂಗಡಿಯ ಹಣ್ಣು ಅವರ ಅಂಗಡಿಗೆ ಹೋಗುವುದು ನಾನು ಬರುವುದಕ್ಕೂ ಮುಂಚಿನಿಂದ ನಡೆದುಬಂದದ್ದು.

ಇವರಿಬ್ಬರ ವ್ಯಾಪಾರ ಟವಲಿನ ವ್ಯಾಪಾರ. ಗೊತ್ತಲ್ಲ? ದನದ ಸಂತೆಯಲ್ಲಿ ನೋಡಿರುತ್ತೀರಿ. ಕೈಗಳ ಮೇಲೆ ಒಂದು ಟವಲು ಹೊದಿಸಿ, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ದರ ಹೇಳುವುದು. ಇಷ್ಟು ಬೆರಳಿಗೆ ಇಷ್ಟು. ಹೊರಗಿನವರಿಗೆ ಕಾಣುವುದು ಟವಲು ಮಾತ್ರ. ಒಳಗೆ ಜಗಳ, ಚೌಕಾಶಿ, ಒಪ್ಪಂದ ಎಲ್ಲ ನಡೆದುಹೋಗಿರುತ್ತದೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಯಾರಿಗೂ ಟವಲು ಬೇಕಿಲ್ಲ. ಇವರಿಬ್ಬರು ಮಾತ್ರ ಬಿಟ್ಟಿಲ್ಲ.

ಒಂದು ದಿನ ಮಾವ ನಮ್ಮೂರಿಗೆ ಬಂದಿದ್ದಾಗ, ಇಬ್ಬರೂ ಕೆಜಿಎಫ್ ರೈಲಿನ ಕೊನೆಯ ನಿಲ್ದಾಣ ಮಾರಿಕುಪ್ಪಂನಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಬಂಗಾರಪೇಟೆಯಲ್ಲಿ ಒಟ್ಟಿಗೆ ರೈಲು ಹತ್ತಿದರು. ಎದುರುಬದುರು ಕೂತು ಟವಲು ಹಾಕಿದರು. ಒಂದು ಟೆಂಪೋ ಹುಣಸೆಹಣ್ಣಿನ ವ್ಯಾಪಾರ ಕುದುರಿತು. ಮಾರನೆಯ ದಿನ ಹಣ್ಣು ಹೋಯಿತು. ಸಂಜೆಗೆ ಅದೇ ಟೆಂಪೋದಲ್ಲಿ ಅದೇ ಹಣ್ಣು ವಾಪಸು ಬಂತು. ಜೊತೆಗೆ ಡ್ರೈವರನ ಬಾಯಲ್ಲಿ ಒಂದು ಮಾತೂ ಬಂತು: "ಅಣ್ಣು ಕಪ್ಪಗದೆ, ಓದೊರ್ಸದ್ದು ಇರ್ಬೇಕು, ಬ್ಯಾಡ ಅಂದ್ರು."

ಹೋದ ವರ್ಷದ್ದು! ನಮ್ಮ ಭಾವನ ಹಣ್ಣು!

ನಷ್ಟ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅದೇ ಹಣ್ಣನ್ನು ಇನ್ನೊಬ್ಬರು ಅದೇ ದರಕ್ಕೆ ಕಣ್ಣಿಗೊತ್ತಿಕೊಂಡು ಒಯ್ದರು. ಒಂದು ಚೀಲವನ್ನು ಅಕ್ಕ ಮನೆಗೆ ಇಟ್ಟುಕೊಂಡರು. ಆದರೆ ಮಾತು? ಹುಣಸೆಯವನಿಗೆ ಹೋದ ವರ್ಷದ ಹಣ್ಣು ಎನ್ನುವುದೂ, ಹೆಣ್ಣು ಹೆತ್ತವನಿಗೆ ಹುಡುಗಿಯ ವಯಸ್ಸು ಮುಚ್ಚಿಟ್ಟೆ ಎನ್ನುವುದೂ ಒಂದೇ. ಕ್ಷಮೆ ಕೇಳು ಎಂದು ಭಾವ ಹೇಳಿಕಳಿಸಿದರು. ಹಣ್ಣು ಬೆಳ್ಳಗಾದ ದಿನ ಕೇಳುತ್ತೇನೆ ಎಂದು ಉತ್ತರ ಬಂತು. ಭಾವ ದಾವೆ ಹೂಡಿದರು. ದಾವೆಗೆ ಏನಾದರೂ ನಷ್ಟ ತೋರಿಸಬೇಕಲ್ಲ, ಟೆಂಪೋ ಬಾಡಿಗೆ ಎಂದು ಬರೆಸಿದರು. ಬೇಕಿದ್ದದ್ದು ಒಂದೇ: ಹಣ್ಣು ಈ ವರ್ಷದ್ದು ಎಂದು ಕೋರ್ಟು ಹೇಳಬೇಕು, ಅದೂ ಬಂಗಾರಪೇಟೆಯಲ್ಲಿ ಹೇಳಬೇಕು.

ಕೆಜಿಎಫ್ ಮಾವ ಸುಮ್ಮನಿರುತ್ತಾರೆಯೇ? ಅವರ ಅಂಗಡಿಯ ಚೀಟಿಯ ಅಡಿಯಲ್ಲೂ ಇರುವೆ ಸಾಲಿತ್ತು. ಅದರಲ್ಲಿ 'ಕೆಜಿಎಫ್ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ' ಎಂದಿತ್ತು. ಬಂಗಾರಪೇಟೆಯ ಕೋರ್ಟಿಗೆ ಈ ದಾವೆ ಕೇಳುವ ಅಧಿಕಾರವೇ ಇಲ್ಲ ಎಂದು ತಕರಾರು ಹಾಕಿದರು.

"ನೋಡಿ," ಎಂದರು ನಮ್ಮ ವಕೀಲರು, ಬಹಳ ತಾಳ್ಮೆಯ ಮನುಷ್ಯ. "ನಿಮ್ಮ ಬಿಲ್ಲು ಈ ಊರು ಅನ್ನುತ್ತೆ, ಅವರ ಚೀಟಿ ಆ ಊರು ಅನ್ನುತ್ತೆ. ಒಂದನ್ನೊಂದು ಹೊಡೆದುಹಾಕುತ್ತೆ. ಹಾಗಾಗಿ ವ್ಯಾಪಾರ ಎಲ್ಲಿ ಕುದುರಿತು ಅನ್ನೋದು ಮುಖ್ಯವಾಗುತ್ತೆ. ಎಲ್ಲಿ ಕುದುರಿತು?"

"ರೈಲಲ್ಲಿ."

"ರೈಲು ಎಲ್ಲಿತ್ತು?"

"ಓಡ್ತಿತ್ತು."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

ಬಂಗಾರಪೇಟೆಯ ಪ್ಲಾಟ್‌ಫಾರಂ ಬಿಡುವುದಕ್ಕೆ ಮುಂಚೆಯೇ ಬೆರಳು ಹಿಡಿದು ಒಪ್ಪಿಕೊಂಡ ಎಂದು ಭಾವನ ವಾದ. ಕೆಜಿಎಫ್‌ನ ಕೋರಮಂಡಲ ಸ್ಟೇಷನ್ ದಾಟಿದ ಮೇಲೆ ಒಪ್ಪಿದ್ದು ಎಂದು ಮಾವನ ವಾದ. ಮೊದಲಾಗಿದ್ದರೆ ಈ ಪೇಚೇ ಇರುತ್ತಿರಲಿಲ್ಲ. ಕೆಜಿಎಫ್ ಕೂಡ ಬಂಗಾರಪೇಟೆ ತಾಲ್ಲೂಕಿಗೇ ಸೇರಿತ್ತು. ಅದು ಬೇರೆ ತಾಲ್ಲೂಕಾದ ದಿನ ಎಲ್ಲರೂ ಒಳ್ಳೆಯದಾಯಿತು ಎಂದರೆ ಭಾವ ಮಾತ್ರ ತಮ್ಮನಿಗೆ ಪಾಲು ಕೊಟ್ಟ ಅಣ್ಣನಂತೆ ಮುಖ ಮಾಡಿಕೊಂಡು ಓಡಾಡಿದ್ದರು.

ಈಗ ವಾಯಿದೆಗಳು ಶುರುವಾದವು. ಇದರಲ್ಲೊಂದು ವಿಚಿತ್ರವಿತ್ತು. ಕೋರ್ಟು ನಮ್ಮ ಮನೆಗೆ ಹತ್ತಿರ. ವಾಯಿದೆಯ ದಿನ ಕೆಜಿಎಫ್ ಮಾವ ರೈಲಿನಲ್ಲಿ ಬರುತ್ತಾರೆ, ಕೋರ್ಟಿನಲ್ಲಿ ಭಾವನ ಮುಖ ನೋಡದೆ ಕೂರುತ್ತಾರೆ, ವಾಯಿದೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಮಧ್ಯಾಹ್ನದ ಹೊತ್ತು, ಅವರಿಗೆ ಸಕ್ಕರೆ ಕಾಯಿಲೆ ಬೇರೆ, ಹೋಟೆಲಿನಲ್ಲಿ ತಿನ್ನುವಂತಿಲ್ಲ. ಊಟ ಎಲ್ಲಿ? ನಮ್ಮ ಮನೆಯಲ್ಲಿ! ವಾದಿ ಮುಂದೆ, ಪ್ರತಿವಾದಿ ಹತ್ತು ಹೆಜ್ಜೆ ಹಿಂದೆ, ಇಬ್ಬರೂ ಒಂದೇ ಬಾಗಿಲಿಗೆ ಬರುತ್ತಿದ್ದರು. ಅಕ್ಕ ಇಬ್ಬರಿಗೂ ಒಂದೇ ಸಾರು ಬಡಿಸುತ್ತಿದ್ದರು. ಅವರಿಗೆಂದು ಮುದ್ದೆ ಚಿಕ್ಕದಾಗಿ ಕಟ್ಟುವುದು ನನ್ನ ಪಾಲಿನ ಕೆಲಸ.

ಒಂದು ವಾಯಿದೆಯ ದಿನ ಮಾವ ಸಾರು ಸುರಿದುಕೊಂಡು, "ಆಹಾ, ಏನು ಸಾರಕ್ಕಾ! ಹುಳಿ ಹಿಡಿದಿರೋದು ನೋಡು!" ಎಂದುಬಿಟ್ಟರು.

ಭಾವ ತುತ್ತು ಕೆಳಗಿಟ್ಟರು. ಅವರ ಕಣ್ಣು ಹೊಳೆದ ರೀತಿ ನೋಡಬೇಕಿತ್ತು. "ಯಾವ ಅಣ್ಣು ಅಂದ್ಕಂಡೆ? ನೀನು ಬ್ಯಾಡ ಅಂತ ಕಳ್ಸಿದ್ಯಲ್ಲಾ, ಅದೇ ಅಣ್ಣು ಕಣ್ಲಾ! ನೋಡಮ್ಮಾ, ನೀನೇ ಸಾಕ್ಷಿ!" ಎಂದು ನನ್ನ ಕಡೆ ತಿರುಗಿದರು.

ಮಾವ ನಿಧಾನವಾಗಿ ಇನ್ನೊಂದು ಸೌಟು ಹಾಕಿಸಿಕೊಂಡರು. "ಯೋವ್, ಇದು ಬಂಗಾರಪೇಟೇಲಿ ಆಡಿದ ಮಾತು. ಕೆಜಿಎಫ್‌ಗೆ ಅನ್ವಯಿಸಲ್ಲ."

ಕಡೆಗೆ ಸಾಕ್ಷಿಯೊಬ್ಬರು ಸಿಕ್ಕರು. ಆ ರೈಲಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಮುದುಕಮ್ಮ. ಇವರಿಬ್ಬರಿಗೂ ವರ್ಷಾನುಗಟ್ಟಲೆ ಕಡಲೆಕಾಯಿ ಕೊಟ್ಟವಳು. ಅವಳು ತಮ್ಮ ಪರ ಎಂದು ಭಾವನಿಗೂ ನಂಬಿಕೆ, ಮಾವನಿಗೂ ನಂಬಿಕೆ. ಅಕ್ಕನೂ ನಾನೂ ಅಡುಗೆ ಬೇಗ ಮುಗಿಸಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು.

"ಇವರು ಟವಲು ಹಾಕಿದ್ದು ನೋಡಿದಿರಾ?" ಎಂದು ವಕೀಲರು ಕೇಳಿದರು.

"ನೋಡ್ದೆ ಸಾಮಿ. ಬಂಗಾರಪೇಟೇಲಿ ರೈಲು ನಿಂತಿದ್ದಾಗ್ಲೇ ಆಕುದ್ರು."

ಭಾವ ಎದೆಯುಬ್ಬಿಸಿದರು.

"ತೆಗೆದದ್ದು ಎಲ್ಲಿ?"

"ತೆಗೀಲೇ ಇಲ್ವಲ್ಲ ಸಾಮಿ! ಮಾರಿಕುಪ್ಪಂ ಬರೋಗಂಟ ಅಂಗೇ ಇತ್ತು. ಅದೇನು ಮಾತೋ, ಅದೇನು ನಗುವೋ. ಕೈ ಇಡ್ಕಂಡಿರೋದೇ ಮರ್ತೋಗವ್ರೆ. ಕಡ್ಲೆಕಾಯಿ ಬೇಕೇನ್ರಪ್ಪಾ ಅಂದ್ರೆ, ತಿನ್ನೋಕೆ ಕೈ ಎಲ್ಲದೆ? ನಾನೇ ಸುಲ್ದು ಬಾಯಿಗಾಕ್ದೆ!"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶರು ಕಡತದ ಹಿಂದೆ ಮುಖ ಇಟ್ಟುಕೊಂಡರು. ವಾದಿ, ಪ್ರತಿವಾದಿ ಇಬ್ಬರೂ ನೆಲ ನೋಡುತ್ತ ನಿಂತಿದ್ದರು, ಪೇಟೆ ಬೀದಿಯಲ್ಲಿ ಪಂಚೆ ಜಾರಿದವರ ಹಾಗೆ. ನ್ಯಾಯಾಧೀಶರು, ಇನ್ನು ಪ್ರತಿವಾದಿಯೇ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಲಿ, ಆಮೇಲೆ ವ್ಯಾಪ್ತಿಯ ವಿಷಯ ತೀರ್ಮಾನಿಸೋಣ ಎಂದು ವಾಯಿದೆ ಹಾಕಿದರು.

ಆ ವಾಯಿದೆಗೆ ಮಾವ ಬರಲಿಲ್ಲ.

ಸ್ನಾನಕ್ಕೆ ಹೋದವರು ಬಚ್ಚಲಿನಲ್ಲಿ ಕುಸಿದುಬಿದ್ದಿದ್ದರು. ಲಕ್ವ ಹೊಡೆದಿತ್ತು. ಎಡಗಡೆ ಕೈಕಾಲು ಸ್ವಾಧೀನ ತಪ್ಪಿ, ನಾಲಿಗೆ ತೊದಲಿತು. ಕೋಲಾರದ ಆಸ್ಪತ್ರೆಯಲ್ಲಿ ಕೆಲವು ಕಾಲ ಇದ್ದು ಮನೆಗೆ ಬಂದರು. ಭಾವ ಆಸ್ಪತ್ರೆಗೆ ಹೋಗಲಿಲ್ಲ. ಎದುರು ಕಕ್ಷಿಯವರು ಹೋಗಬಾರದು ಎಂದು ಅವರೇ ಒಂದು ಕಾನೂನು ಮಾಡಿಕೊಂಡರು. ಆದರೆ ಅಕ್ಕನನ್ನು ದಿನ ಬಿಟ್ಟು ದಿನ ಕಳಿಸುತ್ತಿದ್ದರು, ಮತ್ತು ಅಕ್ಕ ವಾಪಸು ಬರುವ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. "ಬಾಯಿ ಬಿಟ್ನಾ? ಏನಂದ? ಗಂಜಿ ಕುಡುದ್ನಾ?" ಎಂದು ದಾರಿಯುದ್ದಕ್ಕೂ ಪಾಟೀಸವಾಲು.

ಎರಡು ವಾಯಿದೆ ಕಾಯಿಲೆಯ ಕಾರಣಕ್ಕೆ ಮುಂದಕ್ಕೆ ಹೋಯಿತು. ಆಗೊಂದು ದಿನ ನಮ್ಮ ವಕೀಲರು ಖುಷಿಯಿಂದ ಅಂಗಡಿಗೇ ಬಂದರು. ನಾನು ಕಾಫಿ ತಂದುಕೊಟ್ಟೆ.

"ಗೆದ್ದ ಹಾಗೆಯೇ ಯಜಮಾನರೇ! ಇನ್ನೊಂದೇ ಅವಕಾಶ ಕೊಟ್ಟಿದ್ದಾರೆ. ಮುಂದಿನ ವಾಯಿದೆಗೆ ಅವರು ಬರದಿದ್ದರೆ ತಕರಾರು ಬಿದ್ದುಹೋಗುತ್ತೆ. ಈ ಸ್ಥಿತಿಯಲ್ಲಿ ಎಲ್ಲಿ ಬರುತ್ತಾರೆ? ದಾವೆ ಬಂಗಾರಪೇಟೆಯಲ್ಲೇ!"

ಭಾವ ಕೈಯಲ್ಲಿದ್ದ ಹುಣಸೆಯ ಎಸಳಿನಿಂದ ಒಂದೊಂದೇ ನಾರು ಬಿಡಿಸುತ್ತ ಕೂತಿದ್ದರು. ನಾರೆಲ್ಲ ಮುಗಿದ ಮೇಲೆ, "ಕೆಜಿಎಫ್‌ನಲ್ಲೇ ಕುದುರಿದ್ದು ಅಂತ ಬರ್ಕೊಡ್ತೀನಿ," ಎಂದರು.

ವಕೀಲರ ಕೈಯಲ್ಲಿ ಲೋಟ ನಿಂತಿತು. "ಏನಂದಿರಿ?"

"ಕೋರ್ಟು ಅವನ ಊರಿಗೇ ಓಗ್ಲಿ. ಇಲ್ಲಿಗೆ ಬರೋಕೆ ಅವ್ನ ಕೈಲಾಗಲ್ಲ. ಅವ್ನಿಲ್ದೇ ಗೆದ್ರೆ ಅದೇನು ಗೆಲುವಾ ಸಾಮಿ?"

ಮಿಕ್ಸಿಗೆ ಸೋಲದವರು, ಬೀಗರಿಗೆ ಸೋಲದವರು! ಅಕ್ಕ ಒಳಗಿನಿಂದ ಇದನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಇವರಿಗೂ ಏನಾದರೂ ಕಾಯಿಲೆಯೋ ಎಂದು ಭಾವನ ಹಣೆ ಮುಟ್ಟಿ ನೋಡಿದರು.

ಬರೆದುಕೊಡುವ ಮೊದಲು ಮಾವನಿಗೆ ತಾವೇ ಹೇಳಬೇಕು ಎಂದು ಭಾವ ಹೊರಟರು. ಅಕ್ಕನಿಗೆ ಮಂಡಿನೋವು, ಜೊತೆಗೆ ನಾನು ಹೋದೆ. ಬಿಸಿಲು ಏರಿದ ಹೊತ್ತು. ಊರಿಗಾಂ ಸ್ಟೇಷನ್ನಿನಲ್ಲಿಳಿದು, ಗಣಿ ಕಾರ್ಮಿಕರ ಹಳೆಯ ಸಾಲುಮನೆಗಳನ್ನು ದಾಟಿ ನಡೆದೆವು. ದಾರಿಯುದ್ದಕ್ಕೂ ಭಾವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರು.

ಬಾಗಿಲಲ್ಲೇ ಮಾವನ ಹೆಂಡತಿ ಎದುರಾದರು. ಭಾವ ಚಪ್ಪಲಿ ಬಿಟ್ಟು, "ತಂಗೀ, ಕೇಸು ನಿಮ್ಮೂರಿಗೇ ಬಿಟ್ಕೊಡಾನ ಅಂತ ಬಂದೆ," ಎಂದರು, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ.

ಆಕೆಯ ಮುಖ ಅರಳೀತು ಎಂದು ನಾನು ಕಾದೆ. ಆಕೆ ಗಾಬರಿಯಿಂದ ಬಾಗಿಲನ್ನು ಹಿಂದಕ್ಕೆಳೆದುಕೊಂಡು ಹೊರಗೆ ಬಂದರು.

"ಅಯ್ಯೋ ವೇಣಾಂ ಅಣ್ಣಾ! ಬಿಟ್ಕೊಡಬೇಡಿ ಅಣ್ಣಾ!" ಎಂದು ದನಿ ತಗ್ಗಿಸಿದರು. "ಡಾಕ್ಟರು ನಡೀ ಅಂದ್ರು, ನಡೀಲಿಲ್ಲ. ಮಕ್ಕಳು ಅಂದ್ರು, ನಾನು ಅತ್ತೆ, ಗೋಡೆ ಕಡೆ ತಿರುಗಿ ಮಲಗಿಬಿಡ್ತಿದ್ರು. ಹೋದ ವಾರ ಮಗ, ವಾಯಿದೆಗೆ ಹೋಗದಿದ್ರೆ ಬಂಗಾರಪೇಟೆಯೋರು ಗೆಲ್ತಾರಂತೆ ಅಂದ. ಎದ್ದು ಕೂತ್ರು! ಬೇಕಾದ್ರೆ ಕೋರ್ಟಿನೋರೇ ಮನೆಗೆ ಬಂದು ಹೇಳಿಕೆ ಬರ್ಕೋತಾರೆ ಅಂತ ಲಾಯರು ಹೇಳಿ ಕಳ್ಸಿದ್ರೆ, ಬೇಡ ಅಂದ್ಬಿಟ್ರು. ರೈಲು ಹತ್ತಿ ನಾನೇ ಹೋಗ್ಬೇಕು ಅಂತ ನಿನ್ನೆ ಮಂಚ ಹಿಡ್ಕೊಂಡು ನಿಂತ್ರು ಅಣ್ಣಾ. ಈಗ ನೀವು ಬಿಟ್ಕೊಟ್ರೆ ಅವರು ಯಾತಕ್ಕೆ ಏಳ್ತಾರೆ?"

ಭಾವ ಹೆಗಲ ಮೇಲಿನ ಟವಲನ್ನು ತೆಗೆದು ಮುಖ ಒರೆಸಿಕೊಂಡು ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಬಾಗಿಲು ದಬ್ಬಿ ಒಳಗೆ ನುಗ್ಗಿದರು. ಬಜಾರಿನ ಆ ತುದಿಗೆ ಕೇಳುವಂಥ ಅವರ ಹಳೆಯ ದನಿ ಬಂತು.

"ಏನ್ಲಾ! ಮಲ್ಕಂಡೇ ಕೇಸು ನಡೆಸ್ತೀಯಾ?"

ಮಂಚದ ಮೇಲಿದ್ದ ಮಾವ ತಲೆಯೆತ್ತಿದರು. ಮುಖ ಬಹಳ ಸಣ್ಣಗಾಗಿತ್ತು. ಒಂದು ಕಡೆ ತುಟಿ ಜೋತಿತ್ತು. ಕಣ್ಣು ಮಾತ್ರ ಅವರದೇ.

"ಪೋ... ಯ್ಯಾ," ಎಂದರು.

"ನಾನ್ಯಾಕೆ ಓಗ್ಲಿ? ನೀನು ಬಾ. ಮುಂದಿನ ವಾಯಿದೆ ಬಂಗಾರಪೇಟೇಲಿ. ಒಂದು ಅಂಗುಲಾನೂ ಬಿಟ್ಕೊಡಲ್ಲ ನಾನು. ಬರ್ದಿದ್ರೆ ನಾನ್ ಗೆದ್ದೆ. ಊರೆಲ್ಲ ಮಿಠಾಯಿ ಅಂಚ್ತೀನಿ, ನಿನ್ ಮನೇಗೂ ಕಳುಸ್ತೀನಿ!"

ಮಾವನ ಬಲಗೈ ಮಂಚದ ಚೌಕಟ್ಟನ್ನು ಹಿಡಿಯಿತು. ಎದ್ದರು. ಹೆಂಡತಿ ಹಿಡಿಯಲು ಮುಂದಾದರೆ ಭಾವ ಕಣ್ಣಿನಲ್ಲೇ ಬೇಡ ಎಂದರು. ಮಾವ ಗೋಡೆ ಹಿಡಿದು ಒಂದು ಕಾಲಿಟ್ಟರು, ಇನ್ನೊಂದನ್ನು ಎಳೆದುಕೊಂಡರು. ಭಾವ ಒಂದು ಹೆಜ್ಜೆ ಹಿಂದೆ ಸರಿದರು.

"ಇಷ್ಟೇನಾ? ಇಂಗೆ ನಡುದ್ರೆ ರೈಲು ನಿಂಗೋಸ್ಕರ ಕಾಯ್ತದಾ?"

ಮಾವ ತಮಿಳಿನಲ್ಲಿ ಏನೋ ಅಂದರು. ನನಗೆ ಅರ್ಥವಾಗಲಿಲ್ಲ, ಆದರೆ ಅವರ ಹೆಂಡತಿ ಬಾಯಿ ಮುಚ್ಚಿಕೊಂಡ ರೀತಿಯಿಂದ, ಬರೆಯುವಂಥ ಮಾತಲ್ಲ ಎಂದು ತಿಳಿಯಿತು. ಮತ್ತೊಂದು ಹೆಜ್ಜೆ. ಭಾವ ಇನ್ನೊಂದು ಹೆಜ್ಜೆ ಹಿಂದೆ. ಹೀಗೆ ಭಾವ ಬೈಯುತ್ತ ಹಿಂದಕ್ಕೆ, ಮಾವ ಬೈಯುತ್ತ ಮುಂದಕ್ಕೆ, ನಡುಮನೆ ದಾಟಿ, ಜಗಲಿ ದಾಟಿ ಬಂದರು. ಭಾವ ಹಿಂದೆ ನೋಡದೆಯೇ ಮೆಟ್ಟಿಲನ್ನು ಕಾಲಿನಿಂದ ತಡಕಿ ಅಂಗಳಕ್ಕೆ ಇಳಿದರು.

ಮಾವ ಜಗಲಿಯ ಕಂಬಕ್ಕೆ ಆತುಕೊಂಡು ನಿಂತು ಏದುಸಿರು ಬಿಡುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಬ... ತ್ತೀನಿ," ಎಂದರು. "ಇರು."

"ಇರ್ತೀನಿ, ನಿಧಾನಕ್ಕೆ ಬಾ," ಎಂದರು ಭಾವ.

ಅಂಗಳದ ಕಲ್ಲುಚಪ್ಪಡಿ ಮಧ್ಯಾಹ್ನದ ಬಿಸಿಲಿಗೆ ಕೆಂಡವಾಗಿತ್ತು. ಭಾವ ಬರಿಗಾಲಿನಲ್ಲಿದ್ದರು. ಕಾಲು ಬದಲಿಸದೆ, ನೆರಳಿಗೆ ಸರಿಯದೆ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು ಅಲ್ಲೇ ನಿಂತಿದ್ದರು.